ನವನಾರೀ ಕುಂಜರ: ಮರಗೆತ್ತನೆಯ ಕೂಟದಲ್ಲಿ ಸ್ನೇಹ ಮತ್ತು ವಿನೋದ

ಶಿಲ್ಪವೆಂದರೆ ಗಾಂಭೀರ್ಯವೆಂದೇ ನಾವು ಭಾವಿಸಿರುತ್ತೇವೆ. ಬಸದಿ, ದೇವಾಲಯ, ಅರಮನೆಗಳ ಮುಂದೆ ನಿಂತಾಗ ತಲೆ ತಾನಾಗಿಯೇ ಬಾಗುತ್ತದೆ. ನಗು ತುಟಿಗೆ ಬಾರದು. ಆದರೆ ಉಳಿ ಹಿಡಿದ ಕೈಗಳು ನಗುವನ್ನು ತೊರೆದಿರಲಿಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷ್ಯವಿದೆ. ಆ ಸಾಕ್ಷ್ಯವನ್ನೂ ಅದರ ಹಿಂದಿರುವ ಸ್ನೇಹಧರ್ಮವನ್ನೂ ವಾಚಕ ಮಹಾಶಯರ ಮುಂದಿಡುವುದೇ ಈ ಕಿರುಲೇಖನದ ಉದ್ದೇಶ.

ಮೂಡುಬಿದಿರೆಗೆ ಹೋದವರೆಲ್ಲರೂ ಸುಮಾರು 1430ರ ಸಾವಿರ ಕಂಬದ ಬಸದಿಯನ್ನು ದರ್ಶಿಸಿ ಬರುತ್ತಾರೆ. ಕೆಳಗೆ ಕಲ್ಲು, ಮೇಲಂತಸ್ತುಗಳಲ್ಲಿ ಮರ. ಕಲ್ಲುಕುಟಿಗನೂ ಬಡಗಿಯೂ ಕೈಕೂಡಿಸಿದ ಕಟ್ಟಡವದು. ಅದೇ ಊರಿನಲ್ಲಿ ಜೈನರಾದ ಚೌಟ ಅರಸರ ಅರಮನೆಯೂ ಇದೆ. 17ನೆಯ ಶತಮಾನದ್ದೆನ್ನಲಾದ ಆ ಅರಮನೆಯ ಮರದ ಕಂಬಗಳಲ್ಲಿ ಎರಡು ವಿಚಿತ್ರ ಪ್ರಾಣಿಗಳಿವೆ. ದೂರದಿಂದ ನೋಡಿದರೆ ಒಂದು ಆನೆ, ಒಂದು ಕುದುರೆ. ಹತ್ತಿರ ಹೋದರೆ ಆನೆಯೂ ಇಲ್ಲ, ಕುದುರೆಯೂ ಇಲ್ಲ! ಒಂಬತ್ತು ಮಂದಿ ನಾರಿಯರು ಒಬ್ಬರನ್ನೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ. ಐವರು ಸೇರಿ ಕುದುರೆಯಾಗಿದ್ದಾರೆ. ಮೊದಲನೆಯದು ನವನಾರೀ ಕುಂಜರ, ಎರಡನೆಯದು ಪಂಚನಾರೀ ತುರಗ.

ಇವುಗಳ ಮುಂದೆ ಮಕ್ಕಳು ಬೆರಳೂರಿ ಎಣಿಸುತ್ತಾರೆ. ಹಿರಿಯರು ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ನೋಡುವವನ ಕಣ್ಣನ್ನು ಕೊಂಚ ಏಮಾರಿಸಿ, ಆಮೇಲೆ ಸತ್ಯವನ್ನು ತೋರಿಸಿ, ಇಬ್ಬರೂ ಕೂಡಿ ನಗುವ ವಿನೋದವಿದು. ಇದರಲ್ಲಿ ಯಾರ ಅವಹೇಳನವೂ ಇಲ್ಲ. ಮೇಲಾಗಿ ಇದರೊಳಗೊಂದು ನೀತಿಯೂ ಅಡಗಿದೆ. ಒಬ್ಬಳು ಬೆನ್ನು ಕೊಟ್ಟಳು, ಇನ್ನೊಬ್ಬಳು ತೋಳು ಕೊಟ್ಟಳು. ಒಬ್ಬಳು ಸರಿದು ನಿಂತರೂ ಆನೆಯೇ ಇಲ್ಲ. ಸ್ನೇಹವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿರೂಪಣೆ ಎಲ್ಲಿದ್ದೀತು?

ಕೆತ್ತನೆಯ ಕಸುಬಿನ ಸ್ವರೂಪವೂ ಹೀಗೆಯೇ. ಸಾಗರ, ಸೊರಬ ಹಾಗೂ ಉತ್ತರ ಕನ್ನಡದ ಕೆಲವು ಊರುಗಳಲ್ಲಿ ನೆಲೆಸಿರುವ ಗುಡಿಗಾರರ ಮನೆತನಗಳು ಶ್ರೀಗಂಧದ ಕೆತ್ತನೆಗೆ ಹೆಸರಾದವು. ದೇವಮೂರ್ತಿ, ಪೆಟ್ಟಿಗೆ, ಆನೆಗಳನ್ನು ಕೆತ್ತುವ ಕೈಗಳೇ ಬೆಂಡಿನಿಂದ ಮದುವೆಯ ಬಾಸಿಂಗವನ್ನೂ ಮಾಡುತ್ತವೆ. ಕೊಟ್ಟಿಗೆಯಲ್ಲಿ ಒಬ್ಬನು ಮರದ ಮೇಲೆ ರೇಖೆ ಎಳೆಯುತ್ತಾನೆ, ಒಬ್ಬನು ಒರಟು ರೂಪ ತೆಗೆಯುತ್ತಾನೆ, ಸಣ್ಣ ಉಳಿಯ ಕೆಲಸ ಹಿರಿಯನದು, ಉಜ್ಜಿ ನಯಗೊಳಿಸುವ ಕೆಲಸ ಕಿರಿಯನದು. ಗಂಧದ ಮರವು ತೂಕದ ಮೇಲೆ ಮಾರಾಟವಾಗುವ ವಸ್ತು. ಕೆಳಗೆ ಉದುರಿದ ಚಕ್ಕೆಗೂ ಪುಡಿಗೂ ಬೆಲೆಯುಂಟು. ಇಂತಹ ಮರದಲ್ಲಿ ಉಳಿ ಜಾರಿದರೆ ಕಡಿದುದನ್ನು ಮರಳಿ ಅಂಟಿಸಲಾಗದು. ಮುರಿದ ಎಲೆಯನ್ನು ಮೊಗ್ಗಾಗಿಸುವ ಉಪಾಯವನ್ನು ಪಕ್ಕದಲ್ಲಿ ಕುಳಿತವನೇ ಹೇಳಿಕೊಡಬೇಕು. ಹೇಳುವಾಗ ಒಂದು ಪರಿಹಾಸದ ಮಾತು ಸೇರಿದರೆ ಕಿರಿಯನ ಅಂಜಿಕೆ ಕಳೆಯುತ್ತದೆ, ಪಾಠ ಉಳಿಯುತ್ತದೆ. ಗದರಿಸಿದವನ ಪಾಠಕ್ಕಿಂತ ನಗಿಸಿದವನ ಪಾಠ ಬಹುಕಾಲ ಬಾಳುತ್ತದೆ.

ಈ ಕೂಟಕ್ಕೆ ಕಷ್ಟಕಾಲ ಬಂದುದು ಮರದಿಂದಲೇ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಆ ಬಳಿಕ ಸ್ವಂತ ಹಿತ್ತಿಲಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ ಸೊತ್ತೆಂಬ ಕ್ರಮ ಬಹುಕಾಲ ನಡೆದು, 2001ರ ತಿದ್ದುಪಡಿಯಿಂದಷ್ಟೇ ಬೆಳೆದವನಿಗೆ ಒಡೆತನ ದೊರೆಯಿತು. ಅಷ್ಟರಲ್ಲಿ ಕಾಡಿನ ಗಂಧ ಬಹುಮಟ್ಟಿಗೆ ಬರಿದಾಗಿತ್ತು. 1964ರಲ್ಲಿ ಸ್ಥಾಪಿತವಾದ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ಮರವನ್ನೂ ಮಾರುಕಟ್ಟೆಯನ್ನೂ ಒದಗಿಸಲು ಶ್ರಮಿಸಿತಾದರೂ, ಅನೇಕರು ಶಿವನಿ ಮೊದಲಾದ ಮರಗಳತ್ತ ತಿರುಗಬೇಕಾಯಿತು. ಈಗಂತೂ ಗಣಕಯಂತ್ರದ ಆಜ್ಞೆಯಂತೆ ಮರ ಕೊರೆಯುವ ಯಂತ್ರಗಳೂ ಬಂದಿವೆ. ಯಂತ್ರದ ಕೆಲಸ ಅಚ್ಚುಕಟ್ಟು, ದರವೂ ಕಡಿಮೆ. ವ್ಯಾಪಾರಿಯಾದ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಯಂತ್ರಕ್ಕೆ ಪಕ್ಕದಲ್ಲಿ ಗೆಳೆಯನಿಲ್ಲ. ಒಂಬತ್ತು ನಾರಿಯರನ್ನು ಆನೆಯಾಗಿಸುವ ತುಂಟತನ ಅದಕ್ಕೆ ಹೊಳೆಯಲಾರದು. ಇತರರು ಹೊಳೆಯಿಸಿದುದನ್ನು ಸಾವಿರ ಬಾರಿ ಕೊರೆಯಬಲ್ಲುದು, ಅಷ್ಟೇ.

ಗುತ್ತಿಗೆಯ ತುಂಡುಕೆಲಸವನ್ನು ಮನೆಯ ಮೂಲೆಯಲ್ಲಿ ಏಕಾಂಗಿಯಾಗಿ ಮಾಡುವವನಿಗೂ ಆ ಉಲ್ಲಾಸ ಬರುವುದು ಕಷ್ಟ. ಆದುದರಿಂದ ಮರವನ್ನು ಉಳಿಸಿದರೆ ಸಾಲದು, ಕೂಟವನ್ನೂ ಉಳಿಸಬೇಕು. ಬಸದಿಗೋ ದೇವಾಲಯಕ್ಕೋ ಬಾಗಿಲುವಾಡ, ಮಂಟಪ, ರಥ ಮಾಡಿಸುವ ಮಹನೀಯರು ಕೆಲಸವನ್ನು ಬಿಡಿಬಿಡಿಯಾಗಿ ಹಂಚದೆ, ನಾಲ್ಕಾರು ಕುಶಲಿಗಳನ್ನು ಒಂದೇ ಚಪ್ಪರದಡಿ ಕೂಡಿಸಿ, ಇಬ್ಬರು ಕಿರಿಯರನ್ನೂ ಅವರ ಜೊತೆಗಿರಿಸಲಿ. ಶಾಸ್ತ್ರಕ್ಕೆ ಬಾಧಕವಾಗದ ಕಡೆ ಒಂದು ಗೇಣು ಮರವನ್ನು ಅವರ ಇಚ್ಛೆಗೇ ಬಿಡಲಿ. ಖರ್ಚು ಕೊಂಚ ಹೆಚ್ಚಾದೀತು, ದಿನಗಳೂ ಹಿಡಿದಾವು. ಆದರೆ ಚೌಟರ ರಾಜ್ಯ ಹೋಯಿತು, ಅವರ ಖಜಾನೆಯ ಲೆಕ್ಕ ಇಂದು ಯಾರಿಗೂ ಬೇಡ. ಅವರ ಕಂಬದ ಮೇಲಿನ ನಗುವನ್ನು ಮಾತ್ರ ಜನರು ಇಂದಿಗೂ ಎಣಿಸುತ್ತಿದ್ದಾರೆ.