ಹೀಟರ್ ಪ್ಲಗ್ಗಿನ ಚರಿತ್ರೆ ಮತ್ತು ಕ್ಯಾಸಲ್‌ರಾಕಿನ ಒಂದು ಡಿಸೆಂಬರ್

ಪುಣೆಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿಯಲ್ಲಿ ಮಾತನಾಡುತ್ತ, "ಮಾಸ್ತರರೇ, ನಿಮ್ಮ ಆ ಬಿಳಿ ಅಂಬಾಸಡರ್ ಏನಾಯಿತು?" ಎಂದು ಕೇಳಿದ. ಕಾರು ಮಾರಿ ಎಷ್ಟೋ ವರ್ಷಗಳಾದವು. ಆದರೆ ಅದರ ಎಂಜಿನ್ನಿನಿಂದ ಬಿಚ್ಚಿ ತೆಗೆದ, ಬೆರಳುದ್ದದ ನಾಲ್ಕು ಲೋಹದ ಕಡ್ಡಿಗಳು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿವೆ. ಮೆಕ್ಯಾನಿಕ್ಕರು ಅವನ್ನು ಹೀಟರ್ ಪ್ಲಗ್ ಎನ್ನುತ್ತಾರೆ, ಪುಸ್ತಕಗಳಲ್ಲಿ ಗ್ಲೋ ಪ್ಲಗ್ ಎಂದಿರುತ್ತದೆ. ಇವುಗಳ ಕಥೆಯನ್ನು ಒಮ್ಮೆ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ಊರಿನ ವಿಷಯ. ಕ್ಯಾಸಲ್‌ರಾಕ್ ಯಂತ್ರಗಳಿಂದಲೇ ಹುಟ್ಟಿದ ಊರು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬರುವ ಮೀಟರ್ ಗೇಜ್ ಹಳಿಗೂ ಈಚೆ ಕಡೆಯ ಸದರ್ನ್ ಮರಾಠಾ ರೈಲ್ವೆಗೂ 1888ರಲ್ಲಿ ಇಲ್ಲಿ ಗಂಟು ಬಿತ್ತು. ಕುಳೆಯಿಂದ ಇಲ್ಲಿಯವರೆಗೆ ಮೂವತ್ತೇಳು ಅಡಿಗೆ ಒಂದು ಅಡಿಯಂತೆ ಏರು. ಹಿಂದಿನಿಂದ ತಳ್ಳಲು ಹೆಚ್ಚಿನ ಎಂಜಿನ್ನುಗಳಿಲ್ಲದೆ ಗಾಡಿ ಹತ್ತುತ್ತಿರಲಿಲ್ಲ. 1955ರಲ್ಲಿ ಗೋವಾದೊಂದಿಗೆ ರೈಲು ಸಂಚಾರ ನಿಂತು, 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾಗುವವರೆಗೆ ಇದು ದೇಶದ ಗಡಿಯ ಠಾಣೆಯೇ ಆಗಿತ್ತು. ಹೀಗೆ ಕೊಂಕಣಿ, ಮರಾಠಿ, ಕನ್ನಡ, ಉರ್ದು ಎಲ್ಲವನ್ನೂ ಆಡುವ ಫಿಟ್ಟರುಗಳು, ಫೈರ್‌ಮನ್ನರು, ಗ್ಯಾಂಗ್‌ಮನ್ನರು ಇಲ್ಲಿ ನೆಲೆನಿಂತರು. ಊರಿನಲ್ಲಿ ಒಂದೇ ಒಂದು ಕಾರ್ ಗ್ಯಾರೇಜ್ ಇರಲಿಲ್ಲ. ಆದರೆ ಸ್ಪ್ಯಾನರ್ ಹಿಡಿಯಲು ಬಾರದ ಮನೆಯೂ ಇರಲಿಲ್ಲ.

ಉಗಿಯಂತ್ರಗಳು ಹಿಂದೆ ಸರಿದು ವೈ.ಡಿ.ಎಂ.-4 ಜಾತಿಯ ಡೀಸೆಲ್ ಎಂಜಿನ್ನುಗಳು ಘಟ್ಟಕ್ಕೆ ಬಂದಾಗ ರಾತ್ರಿಯ ಸದ್ದೇ ಬದಲಾಯಿತು. ಸ್ಟೇಷನ್ನಿನಲ್ಲಿ ನಿಂತ ಎಂಜಿನ್ ಗಂಟೆಗಟ್ಟಲೆ ಗುಡುಗುಟ್ಟುತ್ತಲೇ ಇರುತ್ತಿತ್ತು. "ಸುಮ್ಮನೆ ಎಣ್ಣೆ ಏಕೆ ಸುಡುತ್ತಾರೆ?" ಎಂದು ನಾನು ಒಮ್ಮೆ ನೆರೆಮನೆಯ ನಿವೃತ್ತ ಫಿಟ್ಟರರನ್ನು ಕೇಳಿದ್ದೆ. ಅವರು ನಕ್ಕು, "ಮಾಸ್ತರ್, ಆರಿದ ಡೀಸೆಲ್ ಎಂಜಿನ್ನನ್ನು ಎಬ್ಬಿಸುವುದು ಮಲಗಿದ ಆನೆಯನ್ನು ಎಬ್ಬಿಸಿದ ಹಾಗೆ" ಎಂದಿದ್ದರು. ಆ ಮಾತಿನ ಅರ್ಥ ನನಗೆ ಪೂರ್ತಿಯಾಗಿ ಆದದ್ದು ಬಹಳ ತಡವಾಗಿ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲವೆಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಅದುಮಿದರೆ ಅದು ಐದುನೂರು ಡಿಗ್ರಿಗೂ ಮೀರಿ ಕಾಯುತ್ತದೆ; ಅದರೊಳಗೆ ಸಿಂಪಡಿಸಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದನ್ನು ಮುಟ್ಟಿ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ರುಡಾಲ್ಫ್ ಡೀಸೆಲ್ ಆಗ್ಸ್‌ಬರ್ಗಿನಲ್ಲಿ 1897ರಲ್ಲಿ ತೋರಿಸಿದ್ದು ಇದನ್ನೇ. ಆದರೆ ಎಂಜಿನ್ ತಣ್ಣಗಿದ್ದಾಗ ಆ ಬಿಸಿಯನ್ನು ಸುತ್ತಲಿನ ಕಬ್ಬಿಣವೇ ಕುಡಿದುಬಿಡುತ್ತದೆ. ಅದಕ್ಕೆ ಹೊರಗಿನಿಂದ ಸ್ವಲ್ಪ ಬೆಂಕಿ ಬೇಕು.

ಈ "ಸ್ವಲ್ಪ ಬೆಂಕಿ"ಯ ಚರಿತ್ರೆ ಸ್ವಾರಸ್ಯವಾಗಿದೆ. ಡೀಸೆಲ್ಲನಿಗೂ ಮೊದಲು, 1890ರಲ್ಲಿ ಇಂಗ್ಲೆಂಡಿನ ಆಕ್ರಾಯ್ಡ್ ಸ್ಟುವರ್ಟ್ ಪೇಟೆಂಟ್ ಪಡೆದ ಎಣ್ಣೆ ಎಂಜಿನ್ನಿನ ತಲೆಯ ಮೇಲೆ ಒಂದು ಬುರುಡೆ ಇರುತ್ತಿತ್ತು. ಬ್ಲೋ ಲ್ಯಾಂಪ್ ಹಿಡಿದು ಅದನ್ನು ಕಾಯಿಸಿದ ಮೇಲೆಯೇ ಚಕ್ರ ತಿರುಗಿಸಬೇಕು. ಜರ್ಮನಿಯ ಲಾಂಜ್ ಬುಲ್‌ಡಾಗ್ ಟ್ರ್ಯಾಕ್ಟರಿನದೂ ಇದೇ ಪದ್ಧತಿ. ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್ ಟ್ರ್ಯಾಕ್ಟರಿಗೆ ಪೆಟ್ಲುಪ್ಪು ಸವರಿದ ಕಾಗದದ ಸುರುಳಿಯನ್ನು ಹೊತ್ತಿಸಿ, ಬೀಡಿಯಂತೆ ಹೊಗೆಯಾಡುತ್ತಿರುವಾಗಲೇ ಎಂಜಿನ್ನಿನ ತಲೆಗೆ ತಿರುಪಿ ಕೂಡಿಸುತ್ತಿದ್ದರು! ನಮ್ಮ ಕಡೆಯ ಲಾರಿ ಚಾಲಕರು ಚಳಿಯ ಬೆಳಗಿನಲ್ಲಿ ಸೀಮೆಎಣ್ಣೆಯ ಚಿಂದಿಗೆ ಬೆಂಕಿ ಹಚ್ಚಿ ಗಾಳಿಯ ಬಾಯಿಗೆ ಹಿಡಿಯುತ್ತಿದ್ದುದನ್ನು ನೀವೂ ನೋಡಿರಬಹುದು. ಅದು ಆ ಬ್ಲೋ ಲ್ಯಾಂಪಿನ ವಂಶದ್ದೇ.

ಕಾರಿಗೆ ಇಂಥ ವ್ಯವಸ್ಥೆ ಸಲ್ಲದು. 1909ರಲ್ಲಿ ಬೆಂಜ್ ಕಂಪನಿಯ ಪ್ರಾಸ್ಪರ್ ಲೋರಾಂಜ್ ಸಿಲಿಂಡರಿನ ಪಕ್ಕದಲ್ಲೊಂದು ಪುಟ್ಟ ಕೋಣೆ ಮಾಡಿ ಅಲ್ಲಿ ಎಣ್ಣೆಯನ್ನು ಹೊತ್ತಿಸುವ ಉಪಾಯ ಕಂಡುಹಿಡಿದ. ಬಾಷ್ ಕಂಪನಿಯ ಎಣ್ಣೆ ಪಂಪು 1927ರಲ್ಲಿ ಬಂತು. 1931ರ ಸುಮಾರಿಗೆ ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಆ ಕೋಣೆಯನ್ನು ದುಂಡಗೆ ಮಾಡಿ ಗಾಳಿ ಸುಳಿಯಾಗಿ ತಿರುಗುವಂತೆ ಮಾಡಿದ. ಬರ್ಲಿನ್ನಿನಲ್ಲಿ 1936ರಲ್ಲಿ ಮರ್ಸಿಡಿಸ್ 260 ಡಿ ಜನರೆದುರು ಬಂತು. ಕೋಣೆಯಿಂದ ಸದ್ದು ತಗ್ಗಿತು, ಓಟ ನಯವಾಯಿತು. ಆದರೆ ಕೋಣೆಯ ಗೋಡೆಗಳೂ ಬಿಸಿ ಕುಡಿಯುತ್ತವಲ್ಲ! ಆದ್ದರಿಂದ ಪ್ರತಿ ಕೋಣೆಯೊಳಗೂ ವಿದ್ಯುತ್ತಿನಿಂದ ಕೆಂಪಗೆ ಕಾಯುವ ಒಂದು ಕಡ್ಡಿ ಅನಿವಾರ್ಯವಾಯಿತು. ಅದೇ ಹೀಟರ್ ಪ್ಲಗ್.

ಮೊದಮೊದಲಿನ ಪ್ಲಗ್ಗುಗಳು ಬರಿಯ ತಂತಿಯ ಸುರುಳಿಗಳು. ಅವನ್ನು ಸರಣಿಯಲ್ಲಿ ಜೋಡಿಸುತ್ತಿದ್ದರು. ಒಂದು ಸುಟ್ಟರೆ ನಾಲ್ಕೂ ನಿಂತವು. ಆಮೇಲೆ ತಂತಿಯನ್ನು ಲೋಹದ ಕೊಳವೆಯಲ್ಲಿ ಮುಚ್ಚಿ ಸಮಾಂತರವಾಗಿ ಜೋಡಿಸುವ ಪದ್ಧತಿ ಬಂತು. ಒಂದು ಸತ್ತರೂ ಉಳಿದ ಮೂರು ಬದುಕಿರುತ್ತವೆ. ಇದು ಸುಧಾರಣೆಯೆಂದೇ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಈ ವಿಷಯದಲ್ಲಿ ಒಂದು ಆಕ್ಷೇಪವಿದೆ, ಮುಂದೆ ಹೇಳುತ್ತೇನೆ.

ನಮ್ಮ ದೇಶದಲ್ಲಿ ಮೊದಲು ಡೀಸೆಲ್ ಎಂಜಿನ್ ಹೊತ್ತು ಮಾರುಕಟ್ಟೆಗೆ ಬಂದ ಕಾರು ಹಿಂದೂಸ್ತಾನ್ ಮೋಟಾರ್ಸಿನ ಅಂಬಾಸಡರೇ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಎರಡು ಬಾರಿಯ ತೈಲ ಸಂಕಟದ ಬಿಸಿಯಲ್ಲಿ, ಬಿ.ಎಂ.ಸಿ. ವಿನ್ಯಾಸದ 1489 ಸಿ.ಸಿ. ಡೀಸೆಲ್ ಎಂಜಿನ್ನನ್ನು ಅದಕ್ಕೆ ಕೂಡಿಸಿದರು. ಮೂವತ್ತೇಳು ಅಶ್ವಶಕ್ತಿ. ಏರಿನಲ್ಲಿ ಎತ್ತಿನ ಗಾಡಿಯೂ ಹಾರ್ನ್ ಹೊಡೆದೀತು ಎಂದು ನಮ್ಮ ಮನೆಯಲ್ಲಿ ನಗೆಯಾಡುತ್ತಿದ್ದರು. ಆದರೆ ಡೀಸೆಲ್ಲಿನ ಬೆಲೆಯನ್ನು ಸರಕಾರ ತಗ್ಗಿಸಿ ಹಿಡಿದಿದ್ದ ಕಾಲ ಅದು. ಆ ಹಿಡಿತ ಪೂರ್ತಿ ಸಡಿಲವಾದದ್ದು 2014ರ ಅಕ್ಟೋಬರಿನಲ್ಲಿ. ಅಂಬಾಸಡರಿನ ತಯಾರಿಕೆ ನಿಂತದ್ದೂ ಅದೇ 2014ರ ಮೇ ತಿಂಗಳಲ್ಲಿ. ನಾನು 1993ರಲ್ಲಿ ಕೊಂಡದ್ದು ಅಂಥದೊಂದು ಹಳೆಯ ಗಾಡಿ, ಹಿಂದೆ ಟ್ಯಾಕ್ಸಿಯಾಗಿದ್ದದ್ದು. ಕೀಲಿಯನ್ನು ಹೀಟರಿನ ಸ್ಥಾನದಲ್ಲಿ ಹಿಡಿದು ಇಪ್ಪತ್ತು ಎಣಿಸಿ, ಆಮೇಲೆ ಸ್ಟಾರ್ಟ್ ಮಾಡಬೇಕು. ನನ್ನ ಮಗ ಮಗ್ಗಿ ಕಲಿಯುವ ಮೊದಲೇ ಹೀಟರಿನ ಎಣಿಕೆ ಕಲಿತಿದ್ದ.

1995ರ ಮಳೆಗಾಲದಿಂದಲೇ ಬೆಳಗಿನ ಹೊತ್ತು ಎಂಜಿನ್ ತಡವರಿಸತೊಡಗಿತು. ಎದ್ದ ಮೇಲೂ ಒಂದು ನಿಮಿಷ ಕುಂಟುತ್ತಿತ್ತು. ಹಿಂದಿನಿಂದ ಬೆಳ್ಳಗೆ ಹೊಗೆ. ಸುಡದೆ ಆವಿಯಾದ ಡೀಸೆಲ್ ಅದು. ನಾನು ಬ್ಯಾಟರಿಯನ್ನು ದೂರಿದೆ, ಕ್ಯಾಸಲ್‌ರಾಕಿನ ಮಳೆಯನ್ನು ದೂರಿದೆ. ನವೆಂಬರಿನಲ್ಲಿ ಎರಡು ಸಲ ಮೂವತ್ತು, ನಲವತ್ತು ಎಣಿಸಬೇಕಾಯಿತು. ನೆರೆಯ ಫಿಟ್ಟರರು, "ಪ್ಲಗ್ ನೋಡಿಸಿ" ಎಂದು ಒಮ್ಮೆ ಹೇಳಿದ್ದರು. ಕ್ರಿಸ್‌ಮಸ್ ರಜೆಯಲ್ಲಿ ನೋಡೋಣವೆಂದು ಬಿಟ್ಟೆ.

ಡಿಸೆಂಬರಿನ ಎರಡನೆಯ ವಾರ, ರಾತ್ರಿ ಎರಡು ಗಂಟೆ. ಬಾಗಿಲು ಬಡಿದರು. ಏಳನೆಯ ತರಗತಿಯಲ್ಲಿದ್ದ ನಮ್ಮ ಶಾಲೆಯ ಹುಡುಗಿಯೊಬ್ಬಳಿಗೆ ಉಬ್ಬಸ ಏರಿ ಉಸಿರೇ ಸಿಕ್ಕುತ್ತಿರಲಿಲ್ಲ. ಗೇಜ್ ಬದಲಾವಣೆಯ ಕೆಲಸದ ದಿನಗಳು, ರೈಲನ್ನು ನಂಬುವಂತಿರಲಿಲ್ಲ. ಹತ್ತಿರದಲ್ಲಿದ್ದದ್ದು ನನ್ನ ಕಾರೊಂದೇ. ಮಗುವನ್ನು ಹಿಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿ ಕೂಡಿಸಿ ನಾನು ಕೀಲಿ ಹಿಡಿದು ಎಣಿಸಿದೆ. ಇಪ್ಪತ್ತು. ಎಂಜಿನ್ ತಿರುಗಿತು, ಹೊತ್ತಲಿಲ್ಲ. ನಲವತ್ತು. ಹೊತ್ತಲಿಲ್ಲ. ಅರವತ್ತು ಎಣಿಸುವಾಗ ಹಿಂದಿನ ಸೀಟಿನಿಂದ ಬರುತ್ತಿದ್ದ ಆ ಉಸಿರಿನ ಸದ್ದು ನನಗೆ ಈಗಲೂ ಕೇಳುತ್ತದೆ. ಬ್ಯಾಟರಿ ಇಳಿಯಿತು. ಯಾರೋ ಚಿಂದಿಗೆ ಬೆಂಕಿ ಹಚ್ಚೋಣವೆಂದರು. ಮಗು ಒಳಗಿರುವಾಗ ಬೇಡವೆಂದೆ. ಕೊನೆಗೆ ಏಳೆಂಟು ಮಂದಿ ಸೇರಿ ಕಾರನ್ನು ತಳ್ಳಿ ಇಳಿಜಾರಿನ ತಲೆಗೆ ತಂದರು. ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟೆ. ಇಳಿಜಾರು ಮುಗಿಯುವ ಹೊತ್ತಿಗೆ ಒಂದು ಸಿಲಿಂಡರು, ಆಮೇಲೆ ಇನ್ನೊಂದು ಎದ್ದವು. ಮುಕ್ಕಾಲು ಗಂಟೆ ಕಳೆದುಹೋಗಿತ್ತು. ಆಸ್ಪತ್ರೆಯಲ್ಲಿ ವೈದ್ಯರು ಆಮ್ಲಜನಕ ಕೊಟ್ಟು, ಚುಚ್ಚುಮದ್ದು ಹಾಕಿ, ಹೊರಗೆ ಬಂದು, "ಇನ್ನು ಸ್ವಲ್ಪ ತಡವಾಗಿದ್ದರೆ" ಎಂದು ಅಷ್ಟಕ್ಕೇ ನಿಲ್ಲಿಸಿದರು. ಹುಡುಗಿ ಉಳಿದಳು. ಈಗ ಎರಡು ಮಕ್ಕಳ ತಾಯಿ. ಇದನ್ನು ಬರೆಯಲು ಅವಳ ಅಪ್ಪಣೆ ಪಡೆದಿದ್ದೇನೆ.

ಆ ಭಾನುವಾರವೇ ಅಂಗಳದಲ್ಲಿ ಬಾನೆಟ್ ಎತ್ತಿದೆವು. ಫಿಟ್ಟರರು ಹೀಟರ್ ಹಾಕಿಸಿ, ಒಳಗಿನ ದೀಪವನ್ನು ತೋರಿಸಿದರು. "ನಾಲ್ಕೂ ಸರಿಯಿದ್ದರೆ ಒಟ್ಟು ನಲವತ್ತು ಆಂಪಿಯರಿನಷ್ಟು ಎಳೆಯುತ್ತವೆ, ದೀಪ ಚೆನ್ನಾಗಿ ಮಂಕಾಗಬೇಕು. ಆಯಿತೇ?" ಆಗಲಿಲ್ಲ. ಬ್ಯಾಟರಿಯ ಋಣ ತಂತಿ ಬಿಚ್ಚಿ, ಪ್ಲಗ್ಗುಗಳ ತಲೆಯನ್ನು ಕೂಡಿಸುವ ಪಟ್ಟಿ ತೆಗೆದು, ಪರೀಕ್ಷೆಯ ದೀಪದ ಒಂದು ತಂತಿಯನ್ನು ಬ್ಯಾಟರಿಯ ಧನ ಧ್ರುವಕ್ಕೂ ಇನ್ನೊಂದನ್ನು ಒಂದೊಂದೇ ಪ್ಲಗ್ಗಿಗೂ ಮುಟ್ಟಿಸಬೇಕು. ಆ ಹೊತ್ತಿಗೆ ಮಾತ್ರ ಋಣ ತಂತಿಯನ್ನು ಮತ್ತೆ ಕೂಡಿಸಿಕೊಳ್ಳಬೇಕು. ಒಂದಕ್ಕೆ ದೀಪ ಉರಿಯಿತು, ಎರಡನೆಯದಕ್ಕೆ ಇಲ್ಲ, ಮೂರನೆಯದಕ್ಕೆ ಇಲ್ಲ, ನಾಲ್ಕಕ್ಕೆ ಉರಿಯಿತು. ಒಂದು ಮಳೆಗಾಲದಲ್ಲಿ ಸತ್ತಿರಬೇಕು, ಇನ್ನೊಂದು ನವೆಂಬರಿನಲ್ಲಿ.

ನನ್ನ ಆಕ್ಷೇಪ ಇದೇ. ಸರಣಿಯಲ್ಲಿದ್ದಿದ್ದರೆ ಜೂನ್ ತಿಂಗಳಿನಲ್ಲೇ ಕಾರು ನಿಂತು, ನಾನು ಬೈದುಕೊಂಡು ಪ್ಲಗ್ ಹಾಕಿಸುತ್ತಿದ್ದೆ. ಸಮಾಂತರದಲ್ಲಿದ್ದ ಕಾರಣ ಉಳಿದವು ದುಡಿದು ಸತ್ತದ್ದನ್ನು ಮುಚ್ಚಿಟ್ಟವು. "ಸಮಾಂತರ ಜೋಡಣೆಯಲ್ಲಿ ಒಂದು ಬಲ್ಬ್ ಆರಿದರೂ ಉಳಿದವು ಉರಿಯುತ್ತವೆ, ಇದು ಅದರ ಅನುಕೂಲ" ಎಂದು ಹದಿನೈದು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನೇ. ಅದರ ಅನನುಕೂಲವನ್ನು ಒಮ್ಮೆಯೂ ಬರೆದಿರಲಿಲ್ಲ.

ಬಿಚ್ಚುವ ಕೆಲಸ ಸುಲಭವಲ್ಲ, ಅವಸರದ್ದಂತೂ ಅಲ್ಲವೇ ಅಲ್ಲ. ಮೊದಲು ಸುತ್ತಲಿನ ಕೊಳೆಯನ್ನು ಬ್ರಷ್ಷಿನಿಂದ ತೆಗೆಯಬೇಕು. ಇಲ್ಲವಾದರೆ ಅದೆಲ್ಲ ತೂತಿನಿಂದ ಒಳಗೆ ಬೀಳುತ್ತದೆ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆವು. ಮೂರು ಪ್ಲಗ್ಗುಗಳು ಬಂದವು. ಮೂರನೆಯದು, ಸತ್ತವುಗಳಲ್ಲೊಂದು, ಅಲುಗಲಿಲ್ಲ. ನಾನು ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಬಲ ಹಾಕಹೊರಟೆ. ಫಿಟ್ಟರರು ಕೈ ಹಿಡಿದರು. ಸುಟ್ಟ ಪ್ಲಗ್ಗಿನ ತುದಿ ಕೆಲವೊಮ್ಮೆ ಊದಿಕೊಂಡಿರುತ್ತದೆ. ಮುರಿದು ಕೋಣೆಯೊಳಗೆ ಬಿದ್ದರೆ ಎಂಜಿನ್ನಿನ ತಲೆಯನ್ನೇ ಇಳಿಸಬೇಕು. ಬೆಳಗಾವಿಯಿಂದ ತಂದಿದ್ದ ಮೂರು ಹೊಸ ಪ್ಲಗ್ಗುಗಳನ್ನು ಕೂಡಿಸಿ, ಕಾರನ್ನು ತಿನೈಘಾಟದವರೆಗೆ ಓಡಿಸಿ ಬಂದು, ಎಂಜಿನ್ ಬಿಸಿಯಿರುವಾಗಲೇ ಮತ್ತೆ ಪ್ರಯತ್ನಿಸಿದೆವು. ಕಾಲು ಸುತ್ತು ಬಿಡಿಸುವುದು, ಎಣ್ಣೆ ಹನಿಸುವುದು, ಕಾಲು ಸುತ್ತು ಬಿಗಿಯುವುದು. ಹೀಗೆ ಎರಡು ಸಂಜೆ. ಮಂಗಳವಾರ ಲಾಟೀನಿನ ಬೆಳಕಿನಲ್ಲಿ ಅದು ಕಿರುಗುಟ್ಟುತ್ತ ಪೂರ್ತಿಯಾಗಿ ಹೊರಗೆ ಬಂತು. ತುದಿ ಕಡಲೆಕಾಳಿನಂತೆ ಉಬ್ಬಿತ್ತು. ತೂತಿನ ಮಸಿ ಕೆರೆದು, ಹೊಸದನ್ನು ಕೈಯಿಂದಲೇ ಮೊದಲ ಸುತ್ತುಗಳನ್ನು ತಿರುಪಿ, ಹದವಾಗಿ ಬಿಗಿದೆವು.

ಬುಧವಾರ ಬೆಳಿಗ್ಗೆ ಆರು ಗಂಟೆ, ಅಂಗಳದ ತುಂಬ ಮಂಜು. ಹದಿನೈದು ಎಣಿಸುವಷ್ಟರಲ್ಲಿ ಒಳಗಿನ ದೀಪ ಮಂಕಾಗಿ ಕೂತಿತ್ತು. ಮೊದಲ ತಿರುವಿಗೇ ಎದ್ದಿತು.

ಆ ವರ್ಷದ ಏಳನೆಯ ತರಗತಿಯವರಿಗೆ ಮುಂದಿನದು ನೆನಪಿರಬಹುದು. ಬದುಕಿದ್ದ ಹಳೆಯ ಪ್ಲಗ್ಗೊಂದನ್ನು ಇಕ್ಕಳದಲ್ಲಿ ಹಿಡಿದು, ಕಾರಿನ ಬ್ಯಾಟರಿಗೆ ಜೋಡಿಸಿ, ನಿಮ್ಮನ್ನೆಲ್ಲ ದೂರ ನಿಲ್ಲಿಸಿ, ಅದು ತುದಿಯಿಂದ ಕೆಂಪಾಗುವುದನ್ನು ತೋರಿಸಿದ್ದೆ. ಆಮೇಲೆ ಸತ್ತದ್ದನ್ನು ಜೋಡಿಸಿದೆ, ಏನೂ ಆಗಲಿಲ್ಲ. ಮುಂದಿನ ಬೆಂಚಿನಲ್ಲಿ ಆ ಹುಡುಗಿ ಕೂತಿದ್ದಳು. "ಸರ್, ಎರಡೂ ನೋಡೋಕೆ ಒಂದೇ ಥರ ಇದಾವಲ್ಲ?" ಎಂದು ಕೇಳಿದಳು. ಹೌದು ಎಂದೆ. ಅಂದಿನಿಂದ ನಿವೃತ್ತಿಯವರೆಗೆ ಪ್ರತಿ ವರ್ಷ ಸಮಾಂತರ ಜೋಡಣೆಯ ಪಾಠದಲ್ಲಿ ಕಪ್ಪುಹಲಗೆಯ ಮೇಲೆ ಒಂದು ಸಾಲು ಹೆಚ್ಚಿಗೆ ಬರೆಯುತ್ತಿದ್ದೆ.

ಈಗಿನ ಡೀಸೆಲ್ ಕಾರುಗಳಲ್ಲಿ ಎಣ್ಣೆ ನೇರವಾಗಿ ಸಿಲಿಂಡರಿಗೇ ಚಿಮ್ಮುತ್ತದೆ. ಪಕ್ಕದ ಕೋಣೆ ಹೋಯಿತು, ಇಪ್ಪತ್ತು ಎಣಿಸುವುದೂ ಹೋಯಿತು. ಪ್ಲಗ್ಗುಗಳು ಇನ್ನೂ ಇವೆ; ಕೆಟ್ಟರೆ ಕಂಪ್ಯೂಟರೇ ದೀಪ ಹೊತ್ತಿಸಿ ಹೇಳುತ್ತದೆ. ಫಿಟ್ಟರರು ಈಗಿಲ್ಲ. ಅವರ ಹತ್ತೊಂಬತ್ತರ ಸ್ಪ್ಯಾನರೊಂದು ಆ ದಿನಗಳಿಂದ ನಮ್ಮ ಮನೆಯಲ್ಲೇ ಉಳಿದಿದೆ. ಅವರ ಮಗ ಇದನ್ನು ಓದುತ್ತಿದ್ದರೆ ಬಂದು ತೆಗೆದುಕೊಂಡು ಹೋಗಲಿ.