ಉಂಡ ನಂಜು

ಕಾಲಿಗೆ ಮೊಳೆ ಚುಚ್ಚಿಸಿಕೊಂಡವರಿಗೆ, ಹಲ್ಲು ಕೀಳಿಸಿಕೊಂಡು ಬಂದವರಿಗೆ ಜಯನಗರದ ಹಳೆಯ ಮನೆಗಳಲ್ಲಿ ಹಿರಿಯರು ಇವತ್ತಿಗೂ ಹೇಳುವ ಮಾತೊಂದಿದೆ: "ಬದನೆಕಾಯಿ ಮುಟ್ಟಬೇಡ, ನಂಜು." ಬದನೆಕಾಯಿ ವಿಷವೆಂದು ಅವರು ಹೇಳುತ್ತಿಲ್ಲ. ಅದೇ ಮನೆಯಲ್ಲಿ ವಾಂಗಿಬಾತ್ ಆಗುತ್ತದೆ, ಗಾಯವಿಲ್ಲದವರು ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ. ಗಾಯದ ಮೈಗೆ ಅದು ಒಗ್ಗದು, ಕೀವು ಕಟ್ಟೀತು, ಮಾಯುವುದು ತಡವಾದೀತು ಎಂಬ ಎಚ್ಚರಿಕೆ ಅದು. ಇಂದಿನ ವೈದ್ಯರು ಒಪ್ಪಲಿ ಬಿಡಲಿ, ಪದದ ಹರವನ್ನು ನೋಡಿ. ತಿನಿಸಿನೊಳಗಿನ ಕೇಡೂ ನಂಜು, ಆ ಕೇಡು ಮೈಗೇರಿದ ಸ್ಥಿತಿಯೂ ನಂಜು. ಗಾಯ ಕೆಟ್ಟರೆ ನಂಜಾಯಿತು, ರಕ್ತಕ್ಕೆ ಹೋದರೆ ನಂಜೇರಿತು.

ಪದ ತೀರ ಹಳೆಯದು, ದ್ರಾವಿಡ ಮೂಲದ್ದು. ತಮಿಳು, ಮಲಯಾಳ, ತೆಲುಗುಗಳಲ್ಲೂ ಇದರ ಒಡಹುಟ್ಟುಗಳಿವೆ. ಸಂಸ್ಕೃತದ 'ವಿಷ' ಬಂದು ಶಾಸ್ತ್ರದಲ್ಲಿ ಮಣೆ ಹಾಕಿಸಿಕೊಂಡಿತು. 14ನೇ ಶತಮಾನದಲ್ಲಿ ಮಂಗರಾಜ ಬರೆದ 'ಖಗೇಂದ್ರಮಣಿದರ್ಪಣ' ಕನ್ನಡದ ದೊಡ್ಡ ವಿಷವೈದ್ಯ ಗ್ರಂಥ. ಗಿಡಮರಗಳ ವಿಷಕ್ಕೂ ಚಿಕಿತ್ಸೆ ಹೇಳುವ ಅಂಥ ಪುಸ್ತಕ ಕನ್ನಡದಲ್ಲಿದೆ ಎನ್ನುವುದೇ ಹೆಮ್ಮೆ. ಆದರೂ ನಂಜು ಮನೆಮಾತಿನಲ್ಲಿ ಉಳಿಯಿತು, ದೇವರ ಹೆಸರಿನಲ್ಲಿ ಇನ್ನೂ ಗಟ್ಟಿಯಾಗಿ ಉಳಿಯಿತು. ನೀಲಕಂಠನನ್ನು ಕನ್ನಡಿಗರು ನಂಜುಗೊರಲ ಎಂದರು, ನಂಜುಂಡ ಎಂದರು. ಹಾಲಾಹಲವನ್ನು ಶಿವ ಕುಡಿದ ಎನ್ನುವುದು ಪುರಾಣದ ರೂಢಿ. ಕನ್ನಡವಾದರೋ ಅವನಿಗೆ ಅದನ್ನು ಉಣ್ಣಿಸಿತು. ಎಲೆ ಮುಂದೆ ಕೂತು ಮಾಡುವ ಕೆಲಸಕ್ಕೆ ನಮ್ಮಲ್ಲಿರುವ ಕ್ರಿಯಾಪದ ಉಣ್ಣುವುದು. ನಂಜು ಊಟದ ಜೊತೆ ಬರುವಂಥದ್ದು ಎಂಬ ಅರಿವು ಆ ಹೆಸರಿನಲ್ಲಿ ನನಗೆ ಕೇಳಿಸುತ್ತದೆ. ನಂಜಪ್ಪ, ನಂಜಮ್ಮ, ನಂಜೇಗೌಡರೆಲ್ಲ ಆ ಹೆಸರಿನ ಮಕ್ಕಳು. 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು ಎಚ್.ವಿ. ನಂಜುಂಡಯ್ಯ.

ಇಲ್ಲೊಂದು ಗೊಂದಲ ಬಿಡಿಸಬೇಕು. ಮುದ್ದೆಗೋ ರೊಟ್ಟಿಗೋ ಉಪ್ಪಿನಕಾಯಿ ನಂಜಿಕೊಳ್ಳುತ್ತೇವಲ್ಲ, ಕೆಲವರ ಬಾಯಲ್ಲಿ ಅದು ನೆಂಚಿಕೊಳ್ಳುವುದು, ಆ ನಂಜು ಬೇರೆ ಬೇರಿನದು. ತುಸುತುಸುವೇ ಸೇರಿಸಿಕೊಂಡು ತಿನ್ನುವುದು ಅದರ ಅರ್ಥ. ಕಿವಿಗೆ ಎರಡೂ ಒಂದೇ ಆಗಿ ಬೀಳುತ್ತವೆ, ನೆಂಟಸ್ತನವಿಲ್ಲ.

ವಿಷಕ್ಕೂ ನಂಜಿಗೂ ಬಳಕೆಯಲ್ಲಿ ಒಂದು ಅಂತರ ಬೆಳೆದಿದೆ. ವಿಷ ಕೂಡಲೇ ಕೆಲಸ ಮಾಡುತ್ತದೆ: ಹಾವು ಕಚ್ಚಿದ್ದು, ಪತ್ರಿಕೆಯವರು ಬರೆಯುವ 'ವಿಷಾಹಾರ ಸೇವಿಸಿ ಅಸ್ವಸ್ಥ'. ನಂಜು ನಿಧಾನ. ಕಣ್ಣಿಗೆ ಕಾಣದು, ಒಳಗೇ ಏರುತ್ತದೆ. ಜಗತ್ತಿನ ದೇಶಗಳೆಲ್ಲ ಕೂತು ಊಟದ ಕೇಡನ್ನು ಅಳೆಯತೊಡಗಿದಾಗ ಎದುರಾದದ್ದು ಈ ಎರಡನೆಯ ಬಗೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ, ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಉಗುಳಿದ್ದ ರಾಸಾಯನಿಕ. ಬೂಷ್ಟಿನ ಹೆಸರನ್ನೇ ಕತ್ತರಿಸಿ ಅಫ್ಲಾಟಾಕ್ಸಿನ್ ಎಂದು ಕರೆದರು. ಯಕೃತ್ತಿನ ಕ್ಯಾನ್ಸರ್ ತರುವ ವಸ್ತುವೆಂದು ಇಂದು ಅದು ಸಿದ್ಧಪಟ್ಟಿದೆ.

ಸುದ್ದಿ ನಂಜುಂಡನ ಊರಾದ ನಂಜನಗೂಡಿನಿಂದ ಸುಮಾರು 25 ಕಿ.ಮೀ. ದೂರದ ಮೈಸೂರಿಗೂ ತಟ್ಟಿತು. ಚೆಲುವಾಂಬಾ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿ.ಎಫ್.ಟಿ.ಆರ್.ಐ.) ಆಗ ಅಪೌಷ್ಟಿಕ ಮಕ್ಕಳಿಗಾಗಿ ಕಡಲೆಕಾಯಿ ಹಿಟ್ಟನ್ನೇ ನಂಬಿಕೊಂಡಿತ್ತು. ಅದರ 'ಮಲ್ಟಿಪರ್ಪಸ್ ಫುಡ್'ನಲ್ಲಿ ಮುಕ್ಕಾಲು ಪಾಲು ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು. ಮುಂದೆ ಕಡಲೆಕಾಯಿ ಪ್ರೋಟೀನನ್ನು ಹಾಲಿಗೆ ಬೆರೆಸಿದ 'ಮಿಲ್ಟೋನ್' ಅಲ್ಲೇ ರೂಪುಗೊಂಡು, ಬಿಟಿಎಂ ಲೇಔಟಿಗೆ ಹತ್ತಿರವೇ ಇರುವ ಹೊಸೂರು ರಸ್ತೆಯ ಬೆಂಗಳೂರು ಡೇರಿಯಲ್ಲಿ ತಯಾರಾಯಿತು. ಬಡವರ ಬಾದಾಮಿಯಲ್ಲೇ ನಂಜು ಎಂದಾದರೆ ಏನು ಮಾಡುವುದು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಕೂಡಿ ನಡೆಸುತ್ತಿದ್ದ ಪ್ರೋಟೀನ್ ಸಲಹಾ ಮಂಡಳಿ 1960ರ ದಶಕದಲ್ಲಿ ಒಂದು ಗೆರೆ ಎಳೆಯಿತು: ಕಿಲೋಗೆ 30 ಮೈಕ್ರೋಗ್ರಾಂ ಮೀರಕೂಡದು. ಇನ್ನೂ ಕಡಿಮೆಯಿದ್ದರೆ ಒಳ್ಳೆಯದೆಂದು ಅವರಿಗೂ ಗೊತ್ತಿತ್ತು. ಗೆರೆ ಬಿಗಿ ಮಾಡಿದರೆ ಮಕ್ಕಳ ತಟ್ಟೆಯಿಂದ ಪ್ರೋಟೀನೇ ಹೋದೀತು ಎಂಬ ಭಯವೂ ಇತ್ತು. ಹಸಿವು, ನಂಜು ಎರಡನ್ನೂ ತೂಗಿ ಹಾಕಿದ ಆ ಅಂಕಿಯನ್ನು ನಾನು ಗೌರವದಿಂದ ನೋಡುತ್ತೇನೆ. ಅದು ಪ್ರಯೋಗಾಲಯದಲ್ಲಿ ಹುಟ್ಟಿದರೂ ಮಗುವಿನ ಮುಖ ನೋಡಿ ಹಾಕಿದ ಗೆರೆ.

ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ರೂಪಿಸಲು 1963ರಲ್ಲಿ ಆರಂಭವಾದ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗ ಈ ಕೆಲಸವನ್ನು ಮುಂದುವರಿಸಿತು. ಸಂಸ್ಕರಣೆಗೆ ಹೋಗುವ ಕಡಲೆಕಾಯಿಗೆ ಅದು ಕೊಟ್ಟ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ನೇರವಾಗಿ ತಿನ್ನುವ ಕಡಲೆಕಾಯಿಗೆ ಯುರೋಪ್ ಒಕ್ಕೂಟದ್ದು 4. ದಾಖಲೆಯ ಅಂಕಿಗಳೆಂದು ತಳ್ಳಿಹಾಕುವವರು 1974ನ್ನು ನೆನೆಯಬೇಕು. ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಭಾಗದ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 106 ಜನ ತೀರಿಕೊಂಡರು.

ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕಡೆಯ ಸೋಮವಾರ. ಅಲ್ಲಿಂದ ಹಸಿ ಕಾಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು ಹಾಗೇ ಕಟ್ಟಿಟ್ಟರೆ ನಾಲ್ಕೇ ದಿನದಲ್ಲಿ ಒಳಗೆ ಬೆವರುತ್ತದೆ. ಬಿಡಿಸಿದರೆ ಒಂದೊಂದು ಬೀಜದ ಮೂತಿಯಲ್ಲಿ ಹಸಿರು ಪುಡಿ, ಮುಗ್ಗಲು ವಾಸನೆ. ಚಟ್ನಿಗೆ ಹುರಿಯುವ ಮೊದಲು ಮೊರದಲ್ಲಿ ಹರಡಿ, ಸುಕ್ಕಿದ್ದು, ಕಪ್ಪಾದದ್ದು, ತೂತು ಬಿದ್ದದ್ದು ಆರಿಸಿ ಎಸೆಯುವ ಅಭ್ಯಾಸ ನಮ್ಮ ಹೆಂಗಸರದು. ಅದರ ಬೆಲೆ ದೊಡ್ಡದು. ನಂಜು ಎಲ್ಲ ಬೀಜಗಳಲ್ಲಿ ಹಂಚಿಹೋಗಿರುವುದಿಲ್ಲ; ಚೀಲದಲ್ಲಿ ಕೆಟ್ಟ ಕೆಲವೇ ಬೀಜಗಳಲ್ಲಿ ತುಂಬಿಕೊಂಡಿರುತ್ತದೆ. ತೀರ ಕೆಟ್ಟ ಒಂದೇ ಬೀಜ ಇಡೀ ಕಿಲೋವನ್ನು ಮಿತಿ ಮೀರಿಸಬಲ್ಲದು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಕಾರ್ಖಾನೆಯಲ್ಲಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಅದು ಬಹುಪಾಲು ಕಳೆಯುತ್ತದೆ, ಗಾಣದ ಎಣ್ಣೆಯಲ್ಲಿ ಉಳಿಯಬಹುದು. ಜೆ.ಪಿ. ನಗರದಲ್ಲೋ ಬನಶಂಕರಿಯಲ್ಲೋ ಗಾಣದ ಎಣ್ಣೆ ಕೊಳ್ಳುವವರು ಬೆಲೆ ಕೇಳುವ ಮೊದಲು ಬೀಜ ತೋರಿಸಿ ಎನ್ನಲಿ.

ಇಷ್ಟನ್ನೆಲ್ಲ ಕೋಡೆಕ್ಸ್ 2004ರಲ್ಲಿ ಕಡಲೆಕಾಯಿಗೆಂದೇ ಒಂದು ನಡೆಸಂಹಿತೆಯಾಗಿ ಕೊಟ್ಟಿದೆ: ಬಲಿತ ಹೊತ್ತಿಗೆ ಕೀಳಿ, ಬೇಗ ಒಣಗಿಸಿ, ಒಡೆದದ್ದನ್ನು ಬೇರ್ಪಡಿಸಿ, ತೇವ ತಾಗದಂತೆ ಇಡಿ. ಕೋಡೆಕ್ಸ್ ಮಾತಾಡುವುದು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್, ಅರಬ್ಬಿ, ಚೀನಿ, ರಷ್ಯನ್ ಭಾಷೆಗಳಲ್ಲಿ. ಪಾವಗಡದ, ಚಳ್ಳಕೆರೆಯ ರೈತರಿಗೆ ಅದನ್ನು ಮುಟ್ಟಿಸುವಾಗ 'ಶಿಲೀಂಧ್ರಜನ್ಯ ವಿಷಕಾರಕ' ಎಂದು ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. ಬೂಷ್ಟಿನ ನಂಜು ಎಂದು ಬರೆಯಬೇಕು, ಪರಿಷೆಗೆ ಚೀಲ ಕಟ್ಟುವ ಮೊದಲು ಆ ಹಾಳೆ ಅವರ ಕಣದಲ್ಲಿರಬೇಕು.