ಪಾಠ ಮುಗಿದ ಮೇಲಿನ ಶಾಲೆ

ನಮ್ಮಲ್ಲಿ ಶಾಲೆಗಳ ಚರಿತ್ರೆ ಎಂದರೆ ಕಟ್ಟಡದ ಚರಿತ್ರೆ. ಅಡಿಗಲ್ಲು ಹಾಕಿದವರು ಯಾರು, ಜಾಗ ಕೊಟ್ಟ ದೇಸಾಯರು ಯಾರು, ಎಸ್ಸೆಸ್ಸೆಲ್ಸಿ ಫಲಿತಾಂಶ ಎಷ್ಟು - ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಸಿಗುವುದು ಇಷ್ಟೆ. ಆದರೆ ಅದೇ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿಗಳು ಬರೆದ ನೆನಪುಗಳನ್ನು ಓದಿ ನೋಡಿ. ಬೀಜಗಣಿತದ ಸೂತ್ರ ಯಾರಿಗೂ ನೆನಪಿರುವುದಿಲ್ಲ. ಗ್ಯಾದರಿಂಗಿನಲ್ಲಿ ಹಾಕಿದ ಬಣ್ಣ, ಕೊಕ್ಕೋ ಪಂದ್ಯಕ್ಕೆ ಲಾರಿಯಲ್ಲಿ ಹೋದದ್ದು, ಕೈಬರಹದ ಪತ್ರಿಕೆಯಲ್ಲಿ ತನ್ನ ಹೆಸರು ಮೊದಲ ಸಲ ಕಂಡದ್ದು - ಇವೇ ನೆನಪಿರುತ್ತವೆ. ಧಾರವಾಡ ಜಿಲ್ಲೆಯ ಹಳ್ಳಿಗಾಡಿನ ಮಟ್ಟಿಗೆ, ಅಂದರೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯ ಮಟ್ಟಿಗೆ, ಈ ಎರಡನೆಯ ಶಾಲೆಯ ಚರಿತ್ರೆಯನ್ನು ತುಸು ಕೆದಕಿ ನೋಡುವುದು ಈ ಲೇಖನದ ಉದ್ದೇಶ.

ನಾವು 'ಪಠ್ಯೇತರ ಚಟುವಟಿಕೆ' ಎಂದು ಕರೆಯುವುದು ಇಲಾಖೆಯ ಸುತ್ತೋಲೆಯಿಂದ ಹುಟ್ಟಿದ್ದಲ್ಲ. ಅದಕ್ಕೆ ಮೂರು ಮೂಲಗಳಿವೆ: ಊರು, ಸ್ವಾತಂತ್ರ್ಯ ಚಳವಳಿ ಮತ್ತು ಕನ್ನಡದ ಚಳವಳಿ.

ಊರಿನ ಪಾಠ

ಹೈಸ್ಕೂಲು ಬರುವ ಮೊದಲೇ ಈ ಸೀಮೆಯ ಹುಡುಗರಿಗೆ ಹಾಡು, ಕುಣಿತ, ಮಾತು, ಮೈಕಟ್ಟು ಕಲಿಸುವ ಜಾಗಗಳಿದ್ದವು. ಗರಡಿ ಮನೆ ಇತ್ತು. ಭಜನೆಯ ಮೇಳ, ಬಯಲಾಟ, ದೊಡ್ಡಾಟಗಳಿದ್ದವು. ಮೊಹರಮ್ಮಿನ ಹತ್ತು ದಿನ ಅಲಾವಿಯ ಸುತ್ತ ಹೆಜ್ಜೆ ಮೇಳ, ರಿವಾಯತ್ ಪದಗಳಿದ್ದವು. ಈ ಹೆಜ್ಜೆ ಮೇಳಗಳಲ್ಲಿ ಲಿಂಗಾಯತರ ಹುಡುಗನೂ, ಕುರುಬರ ಹುಡುಗನೂ, ಪಿಂಜಾರರ ಹುಡುಗನೂ ಒಂದೇ ಸಾಲಿನಲ್ಲಿ ಕಾಲು ಹಾಕುತ್ತಿದ್ದರು. ಹುಸೇನರ ಕತೆ ಕನ್ನಡದಲ್ಲಿ ಹಾಡಾಗಿ ಬರುತ್ತಿತ್ತು. ಮುಸ್ಲಿಮರ ಮನೆಯೇ ಇಲ್ಲದ ಊರುಗಳಲ್ಲೂ ಮೊಹರಮ್ ನಡೆಯುವ ನಾಡಿದು.

ಶಿಶುನಾಳ ಶರೀಫರು (1819-1889) ಈ ಪರಂಪರೆಯ ಕೂಸು. ಅವರು ಮುಲ್ಕಿ ಪರೀಕ್ಷೆ ಪಾಸಾಗಿ ಕನ್ನಡ ಸಾಲಿಯ ಮಾಸ್ತರರಾಗಿದ್ದರೆಂಬುದನ್ನು ನಾವು ಮರೆಯುತ್ತೇವೆ. ಅವರ ಗುರು ಗೋವಿಂದ ಭಟ್ಟರ ಊರು ಕಳಸ. ಇಂದಿನ ಕುಂದಗೋಳ ತಾಲ್ಲೂಕಿನಲ್ಲಿದೆ. ಶರೀಫರು ರಿವಾಯತ್ ಪದಗಳನ್ನೂ ಕಟ್ಟಿದರು, ತತ್ವಪದಗಳನ್ನೂ ಹಾಡಿದರು. ಮಾಸ್ತರಿಕೆ ಬಿಟ್ಟ ಮೇಲೆ ಅವರು ಕಲಿಸಿದ್ದನ್ನು ಈ ನಾಡು ಇನ್ನೂ ಓದುತ್ತಿದೆ.

ಕುಂದಗೋಳದಲ್ಲೇ ಇನ್ನೊಂದು ಉದಾಹರಣೆ ಇದೆ. ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರಲ್ಲಿ ಹೈಸ್ಕೂಲು ಇರಲಿಲ್ಲ. 1886ರಲ್ಲಿ ಹುಟ್ಟಿದ ರಾಮಭಾವು ಎಂಬ ಹುಡುಗ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿಗೆ ರೈಲಿನಲ್ಲಿ ಹೋಗಿಬರಬೇಕಿತ್ತು. ರೈಲು ತಪ್ಪುತ್ತಿತ್ತು, ಪಾಠವೂ ತಪ್ಪುತ್ತಿತ್ತು. ಓದು ಹತ್ತಲಿಲ್ಲ, ಹಾಡು ಹತ್ತಿತು. ಕೈರಾನಾದಿಂದ ಬಂದ ಉಸ್ತಾದ್ ಅಬ್ದುಲ್ ಕರೀಂ ಖಾನರು ಆ ಹುಡುಗನನ್ನು ಶಿಷ್ಯನಾಗಿ ಸ್ವೀಕರಿಸಿದರು. ಮುಂದೆ ಅವರೇ ಸವಾಯಿ ಗಂಧರ್ವರಾದರು. ಅವರ ಬಳಿ ಕಲಿಯಲು ಗದಗಿನಿಂದ ಭೀಮಸೇನ ಜೋಶಿ ಬಂದು ನಿಂತರು. ಹುಬ್ಬಳ್ಳಿಯಿಂದ ಅದೇ ರೈಲು ಹಿಡಿದು ಗಂಗೂಬಾಯಿ ಹಾನಗಲ್ಲರು ಬಂದುಹೋದರು. ಒಂದು ಶಾಲೆಯ ವೇಳಾಪಟ್ಟಿಯಲ್ಲಿ ಜಾಗ ಸಿಗದ ವಿದ್ಯೆ ಒಂದು ಘರಾಣೆಯ ಚರಿತ್ರೆಯನ್ನೇ ಈ ನೆಲಕ್ಕೆ ತಂದಿತು. ಆದರೆ ಇದನ್ನು ಕೇಳಿ ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ಹೀಗೆ ಶಾಲೆಯ ಹೊರಗೆ ಗುರು ಸಿಕ್ಕವರು ಬೆರಳೆಣಿಕೆಯಷ್ಟು. ಸಿಗದವರ ಲೆಕ್ಕ ಇಟ್ಟವರಿಲ್ಲ.

ಬಿಳಿ ಟೊಪ್ಪಿಗೆಯ ಮಕ್ಕಳು

ಎರಡನೆಯ ಮೂಲ ಹುಬ್ಬಳ್ಳಿಯಲ್ಲಿದೆ. ಶಾಲಾ ಮಕ್ಕಳ ಸಂಘಟನೆ ಎಂದರೆ ಆಗ ಲೋಕಕ್ಕೆಲ್ಲ ಸ್ಕೌಟ್ ಒಂದೇ ಮಾದರಿ. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಶಿಬಿರ ನಡೆಸಿದ ಮೇಲೆ ಅದು ಭಾರತಕ್ಕೂ ಬಂತು; ಆದರೆ ಮೊದಮೊದಲು ಯುರೋಪಿಯನ್ ಮಕ್ಕಳಿಗಷ್ಟೇ. ಆನಿ ಬೆಸೆಂಟ್ ಮದರಾಸಿನಲ್ಲಿ ಭಾರತೀಯ ಮಕ್ಕಳಿಗಾಗಿ ಬೇರೆ ಸ್ಕೌಟ್ ಕಟ್ಟಬೇಕಾಯಿತು. ಇಷ್ಟಾಗಿ, ಸ್ಕೌಟಿನ ಪ್ರತಿಜ್ಞೆಯಲ್ಲಿ ರಾಜನಿಷ್ಠೆ ಇತ್ತು. ರಾಜನನ್ನು ಒಪ್ಪದ ಮಕ್ಕಳು ಎಲ್ಲಿಗೆ ಹೋಗಬೇಕು?

ಇದಕ್ಕೆ ಉತ್ತರ ಕೊಟ್ಟವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್. 1889ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕಲಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಹೋದ ಅವರು ಅಲ್ಲಿ ಲಾಲಾ ಲಜಪತರಾಯರ ಒಡನಾಡಿಯಾಗಿ ದುಡಿದು 1921ರಲ್ಲಿ ಮರಳಿದರು. ಅದು ಖಿಲಾಫತ್ ಮತ್ತು ಅಸಹಕಾರ ಒಂದೇ ಉಸಿರಾಗಿದ್ದ ವರ್ಷ. ಧಾರವಾಡದಲ್ಲಿ ಆ ವರ್ಷದ ಜುಲೈ 1ರಂದು ಹೆಂಡದಂಗಡಿಯ ಮುಂದಿನ ಪಿಕೆಟಿಂಗ್ ವೇಳೆ ಪೊಲೀಸರು ಗುಂಡು ಹಾರಿಸಿ ಮೂವರು ಖಿಲಾಫತ್ ಕಾರ್ಯಕರ್ತರನ್ನು ಕೊಂದರು. ಜಕಣಿ ಬಾವಿಯ ಆ ಜಾಗ ಇಂದಿಗೂ ಧಾರವಾಡದವರಿಗೆ ಗೊತ್ತು.

ಹರ್ಡೀಕರರು ಹುಬ್ಬಳ್ಳಿ ಸೇವಾ ಮಂಡಲ ಕಟ್ಟಿ ತರುಣರನ್ನು ಸೇರಿಸಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರಲ್ಲಿ ಹಲವರು ಕ್ಷಮೆ ಕೇಳಿ ಹೊರಬಂದಾಗ ಹುಬ್ಬಳ್ಳಿಯ ಹುಡುಗರು ಬಾಗಲಿಲ್ಲ. ಈ ಶಿಸ್ತು ಎಲ್ಲರ ಕಣ್ಣಿಗೆ ಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಮೌಲಾನಾ ಮುಹಮ್ಮದ್ ಅಲಿ ಅಧ್ಯಕ್ಷರಾಗಿದ್ದ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮೊದಲ ಅಧ್ಯಕ್ಷರು ಜವಾಹರಲಾಲ್ ನೆಹರೂ. ಕೆಲಸದ ಮನೆ ಹುಬ್ಬಳ್ಳಿ. ಕವಾಯತು, ವ್ಯಾಯಾಮ, ಪ್ರಥಮ ಚಿಕಿತ್ಸೆ, ಜಾತ್ರೆಯಲ್ಲಿ ಜನರನ್ನು ಸಂಭಾಳಿಸುವುದು, ತಿಂಗಳಿಗೊಮ್ಮೆ ಭಾನುವಾರ ಧ್ವಜವಂದನೆ - ಇವೆಲ್ಲ ದಳದ ಪಾಠಗಳಾದವು.

ಹೆಣ್ಣುಮಕ್ಕಳ ಭಾಗವನ್ನು ಕಟ್ಟಿದವರು ಉಮಾಬಾಯಿ ಕುಂದಾಪುರ. ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಹುಬ್ಬಳ್ಳಿಯಲ್ಲಿ ತಿಲಕ ಕನ್ಯಾಶಾಲೆ ನಡೆಸಿದ ತಾಯಿ. 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಅವರು ಮನೆ ಮನೆ ತಿರುಗಿ ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕರೆತಂದರು. ಅದೇ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಶಾಲಾ ಬಾಲಕಿಯರಲ್ಲಿ ಒಬ್ಬಳು ಗಂಗೂಬಾಯಿ. ತನ್ನ ಜಾತಿಯ ಕಾರಣಕ್ಕೆ ಊಟಕ್ಕೆ ಎಲ್ಲಿ ಬೇರೆ ಕೂರಿಸುತ್ತಾರೋ ಎಂಬ ಅಂಜಿಕೆ ಆಗ ಕಾಡಿತ್ತೆಂದು ಅವರು ಮುಂದೆ ನೆನೆದಿದ್ದಾರೆ. ಐದನೆಯ ಇಯತ್ತೆಗೆ ಓದು ನಿಂತ ಆ ಹುಡುಗಿಗೆ ಶಾಲೆ ಕೊಟ್ಟ ದೊಡ್ಡ ವೇದಿಕೆ ಅದೊಂದೇ. ಒಂದು ಹಾಡಿನಲ್ಲಿ ಅವಕಾಶವೂ ಇತ್ತು, ಅಂಜಿಕೆಯೂ ಇತ್ತು. ಪಠ್ಯೇತರ ಚಟುವಟಿಕೆಯ ಬಗ್ಗೆ ಮಾತಾಡುವಾಗ ಎರಡನ್ನೂ ಜೊತೆಗಿಟ್ಟೇ ನೋಡಬೇಕು.

ಸೇವಾದಳ 1931ರಲ್ಲಿ ಕಾಂಗ್ರೆಸ್ಸಿನ ಅಂಗವಾಯಿತು. 1932ರಲ್ಲಿ ಬ್ರಿಟಿಷ್ ಸರಕಾರ ನಿಷೇಧಿಸಿತು. ಸ್ವಾತಂತ್ರ್ಯ ಬಂದ ಮೇಲೆ ಅದರ ಇನ್ನೊಂದು ಕವಲು ಕರ್ನಾಟಕದ ಶಾಲೆಗಳಲ್ಲಿ 'ಭಾರತ ಸೇವಾದಳ'ವಾಗಿ ಉಳಿಯಿತು. ಬಿಳಿ ಸಮವಸ್ತ್ರ, ಬಿಳಿ ಟೊಪ್ಪಿಗೆ, ಧ್ವಜ ಕಟ್ಟುವ ಮತ್ತು ಮಡಚುವ ಕ್ರಮ, ಭಾವೈಕ್ಯ ಮಕ್ಕಳ ಮೇಳ - ರಾಜ್ಯದ ಯಾವ ಮೂಲೆಯ ಸರಕಾರಿ ಶಾಲೆಯಲ್ಲಿ ಇದನ್ನು ಕಂಡರೂ ಅದರ ತವರು ನಮ್ಮ ಹುಬ್ಬಳ್ಳಿ ಎಂದು ಹೇಳಿಕೊಳ್ಳಬಹುದು. ಆದರೆ ನಮ್ಮ ಮಕ್ಕಳಿಗೇ ಇದು ಗೊತ್ತಿಲ್ಲ.

ಕನ್ನಡದ ಹಬ್ಬ, ಶಾಲೆಯ ಗ್ಯಾದರಿಂಗ್

ಮೂರನೆಯದು ಕನ್ನಡ. ಮುಂಬಯಿ ಪ್ರಾಂತದ ಈ ಭಾಗದಲ್ಲಿ ಮರಾಠಿಯ ನೆರಳು ದಟ್ಟವಾಗಿದ್ದಾಗ 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. 1920ರ ದಶಕದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ನಾಡಹಬ್ಬವನ್ನು ಬೆಳೆಸಿತು. ಬೇಂದ್ರೆ ಸ್ವತಃ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದವರು. ಗುಂಪಿನಲ್ಲಿ ಮಾಸ್ತರರಿಗೂ ಕೊರತೆ ಇರಲಿಲ್ಲ. ಹಾಗಾಗಿ ದಸರೆಯ ಹೊತ್ತಿನ ಉಪನ್ಯಾಸ, ಕವಿತಾವಾಚನ, ನಾಟಕಗಳು ಪಟ್ಟಣ ದಾಟಿ ಶಾಲೆಗಳ ಮೂಲಕವೇ ಹಳ್ಳಿ ಹೊಕ್ಕವು.

ಇದೇ ಹೊತ್ತಿಗೆ ಇನ್ನೊಂದು ಚಿಂತನೆಯೂ ಬಂತು. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕರೆದ ಶಿಕ್ಷಣ ಸಮ್ಮೇಳನ ನೇಮಿಸಿದ ಸಮಿತಿಗೆ ಡಾ. ಝಾಕಿರ್ ಹುಸೇನ್ ಅಧ್ಯಕ್ಷರು. ಕೈಕಸುಬು ಪಾಠದ ಹೊರಗಿನದಲ್ಲ, ಪಾಠವೇ ಎಂದು ಆ ಸಮಿತಿ ಹೇಳಿತು. ಶಾಲೆಗಳಿಗೆ ತಕಲಿ ಬಂತು. ಸ್ವಾತಂತ್ರ್ಯಾನಂತರ 1952-53ರ ಮುದಲಿಯಾರ್ ಆಯೋಗ, ಇಂಥ ಚಟುವಟಿಕೆಗಳು ಪ್ರೌಢಶಾಲಾ ಶಿಕ್ಷಣದ ಅವಿಭಾಜ್ಯ ಅಂಗ ಎಂದು ಸ್ಪಷ್ಟಪಡಿಸಿತು. 'ಪಠ್ಯೇತರ' ಹೋಗಿ 'ಸಹಪಠ್ಯ' ಎಂಬ ಮಾತು ಬಂದದ್ದರ ಹಿಂದೆ ಇರುವುದು ಈ ತಿಳಿವಳಿಕೆ.

ಈ ಮೂರೂ ಹೊಳೆಗಳು ಕೂಡಿದ ಜಾಗವೇ ನಮ್ಮ ಕಡೆಯ 'ಗ್ಯಾದರಿಂಗ್'. ಡಿಸೆಂಬರ್, ಜನವರಿಯಲ್ಲಿ ಸುಗ್ಗಿಯ ಆಸುಪಾಸು ನಡೆಯುತ್ತಿದ್ದ ಈ ಸ್ನೇಹ ಸಮ್ಮೇಳನಕ್ಕೆ ಎರಡು ತಿಂಗಳ ತಯಾರಿ. ಪಾಠ ಮುಗಿದ ಮೇಲೆ ತಾಲೀಮು. ಹಾರ್ಮೋನಿಯಂ ಬಾರಿಸುವ ಊರ ಹಿರಿಯರು ಶಾಲೆಗೆ ಬರುತ್ತಿದ್ದರು. ದೊಡ್ಡಾಟದ ಮಾಸ್ತರರು ಕುಣಿತ ತಿದ್ದುತ್ತಿದ್ದರು. ವೇದಿಕೆಗೆ ಪಂಚಾಯಿತಿಯ ಕಂಬ, ಯಾರದೋ ಮನೆಯ ಜಮಖಾನೆ. ವರ್ಷಪೂರ್ತಿ ಚರ್ಚಾಕೂಟ, ಗೋಡೆಪತ್ರಿಕೆ, ವಿಜ್ಞಾನ ಸಂಘ ನಡೆಯುತ್ತಿದ್ದವು. 1990ರ ದಶಕದಲ್ಲಿ ಹೈಸ್ಕೂಲು ಓದಿದ ನಮ್ಮ ತಲೆಮಾರು ಈ ವೈಭವದ ಬಾಲವನ್ನು ಕಂಡಿತು. ಉರ್ದುವಿನಲ್ಲಿ ಅಕ್ಷರ ಕಲಿತು ಕನ್ನಡ ಹೈಸ್ಕೂಲಿಗೆ ಬಂದ ನಮ್ಮಂಥವರಿಗೆ ಕನ್ನಡ ನಾಲಿಗೆಗೆ ಹತ್ತಿದ್ದು ವ್ಯಾಕರಣದ ತರಗತಿಯಲ್ಲಲ್ಲ, ಏಕಪಾತ್ರಾಭಿನಯದ ತಾಲೀಮಿನಲ್ಲಿ.

ಒಂದು ದಿನದ ಕಾರಂಜಿ

ಹೊಸ ಶತಮಾನದ ಆರಂಭದಲ್ಲಿ ರಾಜ್ಯ ಸರಕಾರ 'ಪ್ರತಿಭಾ ಕಾರಂಜಿ' ತಂದಿತು. ಅದರ ಒಳ್ಳೆಯ ಕೆಲಸವನ್ನು ಮೊದಲು ಹೇಳಬೇಕು. ಸ್ಪರ್ಧೆಗಳ ಪಟ್ಟಿಯಲ್ಲಿ ಜಾನಪದ ಗೀತೆ, ಭಾವಗೀತೆ, ಆಶುಭಾಷಣಗಳ ಜೊತೆಗೆ ಗಝಲ್ ಇದೆ, ಖವ್ವಾಲಿ ಇದೆ, ಸಂಸ್ಕೃತ ಪಠಣದ ಪಕ್ಕದಲ್ಲೇ ಅರೇಬಿಕ್ ಪಠಣವಿದೆ. ಕನ್ನಡ ಶಾಲೆಯ ಹುಡುಗರು ತಲೆಗೆ ಟೊಪ್ಪಿಗೆ, ಕೊರಳಿಗೆ ಕರವಸ್ತ್ರ ಕಟ್ಟಿ ಖವ್ವಾಲಿಗೆ ಚಪ್ಪಾಳೆ ಹಾಕುವುದನ್ನು ಈಗ ಯಾವ ತಾಲ್ಲೂಕು ಮಟ್ಟದ ಸ್ಪರ್ಧೆಯಲ್ಲೂ ನೋಡಬಹುದು. ಆ ಹುಡುಗರಲ್ಲಿ ಮುಸ್ಲಿಮರು ಒಬ್ಬರೋ ಇಬ್ಬರೋ ಇರುತ್ತಾರೆ, ಕೆಲವೊಮ್ಮೆ ಒಬ್ಬರೂ ಇರುವುದಿಲ್ಲ. ಪದದ ಉಚ್ಚಾರ ಕೇಳಲು ಪಕ್ಕದ ಉರ್ದು ಶಾಲೆಯ ಉಸ್ತಾದರ ಹತ್ತಿರ ಹೋಗುತ್ತಾರೆ. ಹೆಜ್ಜೆ ಮೇಳದ ಸಾಲು ಇಲ್ಲಿ ಬೇರೆ ರೂಪದಲ್ಲಿ ಮುಂದುವರಿದಿದೆ.

ಆದರೆ ಕಾರಂಜಿ ಚಿಮ್ಮುವುದು ಒಂದು ದಿನ. ಅದಕ್ಕೆ ನೀರು ಕೊಡುವ ಬಾವಿ ಬತ್ತುತ್ತಿದೆ. ಸ್ಪರ್ಧೆಗೆ ಒಂದು ವಾರ ಮುಂಚೆ ಮಾಸ್ತರರು ತರಗತಿಯ 'ಚುರುಕು' ಮಕ್ಕಳನ್ನು ಆರಿಸುತ್ತಾರೆ. ಭಾಷಣಕ್ಕೂ ಅವನೇ, ಹಾಡಿಗೂ ಅವನೇ, ರಸಪ್ರಶ್ನೆಗೂ ಅವನೇ. ಉಳಿದವರು ಚಪ್ಪಾಳೆ ತಟ್ಟಲು. ಸಂಘ ಎಂಬುದು ಎಲ್ಲರದ್ದು, ವರ್ಷವಿಡೀ ನಡೆಯುವಂಥದ್ದು, ಸ್ಪರ್ಧೆ ಗೆಲ್ಲುವವರದ್ದು. ಹಾಡಲು ಬಾರದ ಮಗುವಿಗೂ ಸಂಘದಲ್ಲಿ ಕೆಲಸವಿತ್ತು: ಪರದೆ ಎಳೆಯುವುದು, ಗೋಡೆಪತ್ರಿಕೆಗೆ ಅಂಟು ಹಚ್ಚುವುದು, ಲೆಕ್ಕ ಬರೆಯುವುದು. ಈ ವ್ಯತ್ಯಾಸವನ್ನು ಮರೆತದ್ದೇ ನಮ್ಮ ನಷ್ಟದ ಮೂಲ. 2001ರ ನಂತರ ಶಾಲೆಗಳಿಗೆ ಇಕೋ ಕ್ಲಬ್ ಬಂತು. ಸಾಹಿತ್ಯ ಸಂಘ, ವಿಜ್ಞಾನ ಸಂಘ, ಗಣಿತ ಸಂಘ ಎಂಬ ಫಲಕಗಳು ಈಗಲೂ ಮುಖ್ಯಾಧ್ಯಾಪಕರ ಕೋಣೆಯಲ್ಲಿವೆ. ಬಹಳ ಕಡೆ ಇರುವುದು ಫಲಕ ಮಾತ್ರ.

ಕಾರಣಗಳು ಗುಟ್ಟಿನವಲ್ಲ. ಹತ್ತನೆಯ ತರಗತಿಯ ಫಲಿತಾಂಶದ ಒತ್ತಡಕ್ಕೆ ಆಟದ ಅವಧಿಯೂ ವಿಶೇಷ ತರಗತಿಯಾಗಿದೆ. ದೈಹಿಕ ಶಿಕ್ಷಕರು, ಸಂಗೀತ ಮತ್ತು ಚಿತ್ರಕಲೆಯ ಶಿಕ್ಷಕರು ಎಲ್ಲ ಶಾಲೆಗಳಲ್ಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಾರಣ ಬಸ್ಸು. ನವಲಗುಂದ, ಅಣ್ಣಿಗೇರಿಯ ಎರೆ ಸೀಮೆಯಲ್ಲಿ ಮಳೆ ಹತ್ತಿ ಬೆಣ್ಣಿಹಳ್ಳ ತುಂಬಿದರೆ ದಾರಿ ಮುಚ್ಚುತ್ತದೆ. ಕಲಘಟಗಿಯ ಮಲೆನಾಡ ಸೆರಗಿನ ಊರುಗಳಿಗೆ ಸಂಜೆಯ ಒಂದು ಬಸ್ಸು ತಪ್ಪಿದರೆ ನಡಿಗೆಯೇ ಗತಿ. ಸರಕಾರ 2006ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲು ದೊಡ್ಡ ಆಸರೆಯಾಗಿತ್ತು. ಆ ಯೋಜನೆ ನಿಂತಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿದೆ. ಆದರೆ ಟಿಕೇಟು ಉಚಿತವಾದರೆ ಸಾಲದು, ತಾಲೀಮು ಮುಗಿಯುವ ಹೊತ್ತಿಗೆ ಬಸ್ಸೂ ಇರಬೇಕು. ಇಲ್ಲವಾದರೆ ಮೊದಲು ವೇದಿಕೆಯಿಂದ ಇಳಿಯುವವಳು ಹುಡುಗಿ. ಏಳನೆಯ ತರಗತಿಯವರೆಗೆ ಹಾಡಿದವಳು ಎಂಟಕ್ಕೆ ಬಂದಾಗ ಮೌನಿಯಾಗುತ್ತಾಳೆ. 'ಹೊತ್ತಾಗತೈತಿ, ಬ್ಯಾಡ' ಎನ್ನುವ ಮಾತು ಎಲ್ಲ ಜಾತಿಯ ಮನೆಗಳಲ್ಲೂ ಇದೆ. ನಮ್ಮ ಮನೆಗಳಲ್ಲಿ ಒಂದು ತೂಕ ಹೆಚ್ಚೇ ಇದೆ. ಇದನ್ನು ನಾವೇ ಹೇಳಿಕೊಳ್ಳಬೇಕು, ಬೇರೆಯವರು ಹೇಳುವವರೆಗೆ ಕಾಯಬಾರದು.

ಏನು ಉಳಿಸಬೇಕು?

ಪಣಕ್ಕಿರುವುದು ಬಹುಮಾನವಲ್ಲ. ಇಂದು ಈ ಸೀಮೆಯ ಮಕ್ಕಳು ಕನ್ನಡ ಶಾಲೆ, ಉರ್ದು ಶಾಲೆ, ಇಂಗ್ಲಿಷ್ ಕಾನ್ವೆಂಟು ಎಂದು ಮೂರು ದಾರಿ ಹಿಡಿದಿದ್ದಾರೆ. ಓದಿನ ಕೋಣೆಯಲ್ಲಿ ಅವರು ಕೂಡುವುದಿಲ್ಲ. ಆಟದ ಬಯಲಲ್ಲಿ, ತಾಲೀಮಿನಲ್ಲಿ, ಮೇಳದಲ್ಲಿ ಕೂಡಬಹುದಿತ್ತು. ಅದೂ ತಪ್ಪಿದರೆ ಒಬ್ಬರಿಗೊಬ್ಬರು ಪರಿಚಯವಾಗುವುದು ಮೊಬೈಲಿನ ಸುದ್ದಿಗಳಿಂದ. ಆ ಪರಿಚಯ ಎಂಥದೆಂದು ನಾವು ಬಲ್ಲೆವು.

ದಾರಿಗಳು ದುಬಾರಿಯವಲ್ಲ. ಒಂದೇ ಊರಿನ ಕನ್ನಡ ಮತ್ತು ಉರ್ದು ಪ್ರೌಢಶಾಲೆಗಳು ಶನಿವಾರದ ಒಂದು ಅವಧಿಯನ್ನು ಜಂಟಿಯಾಗಿ ನಡೆಸಬಹುದು. ತಾಲೀಮನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ತಂದರೆ ಹುಡುಗಿಯರು ಉಳಿಯುತ್ತಾರೆ. 2020ರಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಶಾಲೆಯ ಸಾಹಿತ್ಯ ಸಂಘ ಅಲ್ಲೇ ಕೂಡಬಹುದು. ನವಲಗುಂದದಲ್ಲಿ ಜಮಖಾನೆ ನೇಯುವವರು ಹೆಚ್ಚಾಗಿ ಮುಸ್ಲಿಂ ಹೆಂಗಸರು. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಆ ವಿದ್ಯೆ ಇಂದು ಕೆಲವೇ ಮನೆಗಳಲ್ಲಿದೆ. ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರು. ಎಸ್‌ಯುಪಿಡಬ್ಲ್ಯೂ ಎಂದು ಬಣ್ಣದ ಕಾಗದ ಕತ್ತರಿಸಿದ ನಮಗೆ ಶಾಲೆಯಲ್ಲಿ ಒಂದು ದಿನವಾದರೂ ಆ ಮಗ್ಗವನ್ನು, ಆ ಅರಗಿನ ಬಣ್ಣವನ್ನು ಯಾರೂ ತೋರಿಸಲಿಲ್ಲ. ಝಾಕಿರ್ ಸಾಹೇಬರು 1937ರಲ್ಲಿ ಹೇಳಿದ್ದು ಇದನ್ನೇ. ನೇಯುವ ಖಾಲಾ ಒಬ್ಬರನ್ನು ತಿಂಗಳಿಗೊಮ್ಮೆ ಶಾಲೆಗೆ ಗೌರವದಿಂದ ಕರೆತಂದು ಕುರ್ಚಿ ಹಾಕಿ ಕೂರಿಸಿದರೆ, ಅವರ ಮಗಳು ಮರುದಿನ ತರಗತಿಯಲ್ಲಿ ಕೂರುವ ರೀತಿಯೇ ಬೇರೆಯಾಗುತ್ತದೆ.

ಹರ್ಡೀಕರರಿಗೆ, ಉಮಾಬಾಯಿಯವರಿಗೆ ಅನುದಾನವಿರಲಿಲ್ಲ, ಸುತ್ತೋಲೆ ಇರಲಿಲ್ಲ. ಮಕ್ಕಳನ್ನು ಕರೆದು ಸಾಲಾಗಿ ನಿಲ್ಲಿಸುವ ಮನಸ್ಸಿತ್ತು. ನಿಂತ ಸಾಲಿನಲ್ಲಿ ಯಾರು ಯಾರ ಪಕ್ಕ ಎಂದು ಕೇಳದಿರುವ ವಿವೇಕವಿತ್ತು. ಶಾಲಾಭಿವೃದ್ಧಿ ಸಮಿತಿಗಳಲ್ಲಿ ಕುಳಿತಿರುವ ನಾವೆಲ್ಲ ಈ ವರ್ಷದ ಸಭೆಯಲ್ಲಿ ಫಲಿತಾಂಶದ ಶೇಕಡಾವಾರು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ನಿಮ್ಮ ಸಾಹಿತ್ಯ ಸಂಘ ಕಳೆದ ಸಲ ಯಾವಾಗ ಸೇರಿತ್ತು, ಅಲ್ಲಿ ಯಾವ ಯಾವ ಮಕ್ಕಳು ಮಾತಾಡಿದರು?